ಚೀಲ ಹೊಸದು, ಚಟ ಹಳೆಯದು

“ಹೊಗೆಯಿಲ್ಲ, ತಂಬಾಕಿನ ಎಲೆಯಿಲ್ಲ, ಇನ್ನೇನು ಭಯ?” ನಿಕೋಟಿನ್ ಪೌಚು ಮಾರುವವರ ವಾದವಿದು. ತುಟಿಗೂ ಒಸಡಿಗೂ ನಡುವೆ ಇಡುವ ಆ ಬಿಳಿ ಚೀಲದಲ್ಲಿ ಎಲೆಯಿಲ್ಲ, ನಿಜ. ಚಟ ಹಿಡಿಸುವ ನಿಕೋಟಿನ್ ಇದ್ದೇ ಇದೆ. ಅದು ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಚೀಲ ಒಸಡನ್ನು ಕೆಣಕುತ್ತದೆ. ಎಳೆಮಗು ನುಂಗಿದರೆ ವಿಷ. ಸಿಗರೇಟಿಗಿಂತ ಹಾನಿ ಕಡಿಮೆಯೆಂಬ ಮಾತು ಸೇದುವವನಿಗೆ ಸಮಾಧಾನವಾದೀತು. ಸೇದದ ಹುಡುಗನಿಗೆ ಪುದೀನ ರುಚಿಯ ಆಮಿಷವೇಕೆ?

ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟಕಾ ನಿಷೇಧಿಸಿದವು. ಕೂಡಲೇ ಹಲವೆಡೆ ಪಾನ್ ಮಸಾಲೆಗೊಂದು, ತಂಬಾಕಿಗೊಂದು ಪೊಟ್ಟಣ ಬಂತು. ಬೆರೆಸುವ ಕೆಲಸ ಗಿರಾಕಿಯದಾಯಿತು! ಅದೇ ಜಾಣತನ ಈಗ ಎಲೆ ಬಿಟ್ಟು ಸಾರ ಮಾರುತ್ತಿದೆ.

ಕನ್ನಡ ಬಂಧುಗಳೇ, ಮಕ್ಕಳ ಜೇಬಿನ ಡಬ್ಬಿಯನ್ನು ಪೆಪ್ಪರಮಿಂಟೆಂದು ನಂಬಬೇಡಿ. ಮೇಲಿನ ಅಕ್ಷರ ಓದಿರಿ. ನಿಕೋಟಿನ್ ಎಂದಿದ್ದರೆ ಅಂದೇ ಮಾತಾಡಿರಿ.