ಹಿಡಿದ ಮೊಲಕ್ಕೆ ನಾಲ್ಕೂ ಕಾಲಿರಲಿ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ನಾವು ಹಠಮಾರಿಗಳನ್ನು ಕುರಿತು ಬಳಸುತ್ತೇವೆ. ಆ ಹಠದಿಂದ ಮೊಲಕ್ಕೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ನಮ್ಮ ಮನೆಯ ಮೊಲ ಹಿಂಗಾಲುಗಳನ್ನು ಎಳೆದುಕೊಂಡು ತೆವಳುವುದನ್ನು ನೋಡುವವರೆಗೆ.

ಕೆಜಿಎಫ್‌ನ ಕೋರಮಂಡಲ್‌ನಲ್ಲಿ ನಮ್ಮದೊಂದು ಹಳೆಯ ಮನೆ. ಮಗಳು ಹಟ ಮಾಡಿದಳೆಂದು ಬಂಗಾರಪೇಟೆಯಿಂದ ಬಿಳಿಯ ಮೊಲವೊಂದನ್ನು ತಂದಿದ್ದೆವು. ತಂತಿಯ ತಳವಿರುವ ಪಂಜರದಲ್ಲಿಟ್ಟು, ದಿನಕ್ಕೆರಡು ಕ್ಯಾರೆಟ್, ಬಿಸ್ಕತ್ತು, ಆಗಾಗ ಚಪಾತಿಯ ಚೂರು ಕೊಟ್ಟು ಸಾಕಿದೆವು. ಅದು ದುಂಡಗಾದಷ್ಟೂ ಚೆನ್ನಾಗಿ ಸಾಕಿದ್ದೇವೆಂದು ಹಿಗ್ಗಿದೆವು. ಒಂದು ಸಂಜೆ ಮನೆಗೆ ಬಂದ ಹುಡುಗನೊಬ್ಬ ಅದನ್ನು ಎದೆಯ ಭಾಗದಲ್ಲಿ ಹಿಡಿದು ಮೇಲೆತ್ತಿದ. ಹಿಂಗಾಲುಗಳು ಗಾಳಿಯಲ್ಲಿ ತೂಗಾಡಿದವು. ಗಾಬರಿಗೊಂಡ ಮೊಲ ಜೋರಾಗಿ ಝಾಡಿಸಿ ಕೆಳಗೆ ಬಿತ್ತು. ಮರುದಿನ ಬೆಳಿಗ್ಗೆ ಅದಕ್ಕೆ ಏಳಲಾಗಲಿಲ್ಲ.

ಹತ್ತಿರದ ಪಶುವೈದ್ಯರೊಬ್ಬರ ಬಳಿಗೆ ಒಯ್ದಾಗ ಅವರು, ‘ಮೊಲ ತಾನೇ ಸಾರ್, ಇನ್ನೊಂದು ತಂದರಾಯಿತು’ ಎಂದರು. ಆ ಮಾತಿನಲ್ಲಿ ಕ್ರೌರ್ಯವೇನೂ ಇರಲಿಲ್ಲ. ಹಾಲನ್ನೇ ನೆಚ್ಚಿರುವ ಜಿಲ್ಲೆ ನಮ್ಮದು. ಇಲ್ಲಿಯ ಪಶುವೈದ್ಯ ವ್ಯವಸ್ಥೆ ಬೆಳೆದದ್ದು ಹಸು, ಎಮ್ಮೆ, ಕುರಿಗಳ ಸುತ್ತ. ಅದು ಸಹಜ. ಆದರೆ ‘ಇನ್ನೊಂದು ತಂದರಾಯಿತು’ ಎಂಬ ಮಾತು ಮಗಳ ಕಿವಿಗೂ ಬಿದ್ದಿತ್ತು. ಅವಳು ನನ್ನ ಮುಖ ನೋಡಿದಳು. ಮರುದಿನ ನಸುಕಿನಲ್ಲೇ, ಕೂಲಿಗೂ ನೌಕರಿಗೂ ಹೋಗುವವರಿಂದ ತುಂಬಿದ ರೈಲಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು ನೂರು ಕಿ.ಮೀ. ದೂರದ ಬೆಂಗಳೂರಿಗೆ ಹೋದೆವು.

ಅಲ್ಲಿಯ ವೈದ್ಯರು ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆ ಮುರಿದಿರಲಿಲ್ಲ, ಸ್ನಾಯುಗಳಿಗೂ ನರಕ್ಕೂ ಪೆಟ್ಟಾಗಿತ್ತು. ಮೊಲದ ಹಿಂಗಾಲಿನ ಸ್ನಾಯುಗಳು ಬಹಳ ಬಲಿಷ್ಠ, ಮೂಳೆಗಳು ಮಾತ್ರ ಹಗುರ. ಅದರ ಅಸ್ಥಿಪಂಜರದ ತೂಕ ದೇಹದ ತೂಕದಲ್ಲಿ ಶೇ 8ರಷ್ಟು ಮಾತ್ರ. ಹೀಗಾಗಿ ತಪ್ಪಾಗಿ ಎತ್ತಿದರೆ ತನ್ನ ಒದೆತದ ರಭಸಕ್ಕೇ ತನ್ನ ಸೊಂಟ ಮುರಿದುಕೊಳ್ಳುತ್ತದೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ ಇರಬೇಕು. ಕಿವಿ ಹಿಡಿದು ಎಂದಿಗೂ ಎತ್ತಬಾರದು. ಇಷ್ಟನ್ನು ಮೊಲ ಮಾರಿದವರು ನಮಗೆ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮೊದಲ ಕೆಲವು ವಾರ ನೋವಿನ ಔಷಧಿ, ಇಕ್ಕಟ್ಟಾದ ಜಾಗದಲ್ಲಿ ವಿಶ್ರಾಂತಿ. ಬಳಿಕ ಫಿಸಿಯೊಥೆರಪಿ. ಆ ಪದ ಕೇಳಿ ನನಗೆ ನಗು ಬಂದಿತ್ತು. ಆದರೆ ಅದಕ್ಕೆ ಬೇಕಾದದ್ದು ಯಂತ್ರವಲ್ಲ, ತಾಳ್ಮೆ. ಹಿಂಗಾಲನ್ನು ಮೆಲ್ಲಗೆ ಹಿಡಿದು ಸೈಕಲ್ ತುಳಿಯುವಂತೆ ಮಡಿಸಿ ಚಾಚುವುದು, ಒಮ್ಮೆಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಪ್ರತಿರೋಧ ಒಡ್ಡಿದರೆ ಅಲ್ಲಿಗೇ ನಿಲ್ಲಿಸುವುದು. ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ, ಭಾರವನ್ನು ನಾವು ಹೊತ್ತು, ನಾಲ್ಕು ಕಾಲೂ ನೆಲ ಮುಟ್ಟುವಂತೆ ನಿಲ್ಲಿಸುವುದು. ನುಣುಪಾದ ನೆಲದಲ್ಲಿ ಕಾಲು ಜಾರುವುದರಿಂದ ನಡೆದಾಡುವ ಜಾಗಕ್ಕೆಲ್ಲ ಜಮಖಾನ ಹಾಸುವುದು. ತಂತಿಯ ತಳ ಅಂಗಾಲಿಗೆ ಹುಣ್ಣು ತರುತ್ತದೆಂದು ತಿಳಿದ ಮೇಲೆ ಪಂಜರವನ್ನು ಗುಜರಿಗೆ ಹಾಕಿದೆ. ಮೂತ್ರ ಅಂಟಿ ಚರ್ಮ ಬೇಯದಂತೆ, ನೊಣ ಕೂತು ಹುಳುವಾಗದಂತೆ ಹಿಂಭಾಗವನ್ನು ದಿನವೂ ಒರೆಸಿ ಒಣಗಿಸಬೇಕಿತ್ತು. ಅದು ಮಗಳ ಪಾಲಿನ ಕೆಲಸವಾಯಿತು.

ಆ ಹತ್ತರ ಎಣಿಕೆ ನನಗೆ ಹಳೆಯದೊಂದನ್ನು ನೆನಪಿಸಿತು. ನನ್ನ ತಂದೆ ಗಣಿ ಕಾರ್ಮಿಕರು. ಆಳದಲ್ಲಿ ಕಲ್ಲು ಬಿದ್ದು ಸೊಂಟ ಕೆಟ್ಟಾಗ, ಅಮ್ಮ ಸಂಜೆ ಒಲೆ ಹಚ್ಚುವ ಮುನ್ನ ಅವರ ಕಾಲುಗಳನ್ನು ಹೀಗೆಯೇ ಎಣಿಸುತ್ತ ಮಡಿಸಿ ಚಾಚುತ್ತಿದ್ದಳು. ಅಪ್ಪ ಮತ್ತೆ ಗಣಿಗಿಳಿಯಲಿಲ್ಲ. ಬೀದಿಯ ತುದಿಯ ಟೀ ಅಂಗಡಿಯವರೆಗೆ ನಡೆದು ಹೋಗುವಂತಾದರು. ಅಮ್ಮನಿಗೆ ಅಷ್ಟೇ ಸಾಕಾಗಿತ್ತು.

ವ್ಯಾಯಾಮಕ್ಕಿಂತಲೂ ಹೆಚ್ಚಾಗಿ ವೈದ್ಯರು ಒತ್ತಿ ಹೇಳಿದ್ದು ಆಹಾರದ ವಿಷಯ. ಭಾರವಾದ ಮೈಯನ್ನು ದುರ್ಬಲ ಕಾಲು ಹೊರಲಾರದು. ಮೊಲ ಕ್ಯಾರೆಟ್ ತಿಂದು ಬದುಕುತ್ತದೆ ಎಂಬ ನಂಬಿಕೆಯನ್ನು ಬಲಪಡಿಸಿದ್ದು 1940ರಿಂದ ತೆರೆಯ ಮೇಲಿರುವ ಬಗ್ಸ್ ಬನ್ನಿಯಂಥ ಕಾರ್ಟೂನುಗಳು. ವಾಸ್ತವದಲ್ಲಿ ಸಕ್ಕರೆಯ ಅಂಶ ಹೆಚ್ಚಿರುವ ಕ್ಯಾರೆಟ್ ಅದಕ್ಕೆ ಮಿಠಾಯಿಯಿದ್ದಂತೆ. ಅದರ ಊಟವೆಂದರೆ ಹುಲ್ಲು. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂಬಲ್ಲು ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅವು ಸವೆಯಬೇಕಾದರೆ ಗಂಟೆಗಟ್ಟಲೆ ಹುಲ್ಲು ಅಗಿಯಬೇಕು. ಕರುಳು ಚಲಿಸುತ್ತಿರಬೇಕಾದರೂ ಆ ನಾರೇ ಬೇಕು. ಅದು ರಾತ್ರಿ, ನಸುಕಿನಲ್ಲಿ ಹಾಕುವ ಮೆತ್ತನೆಯ ಹಿಕ್ಕೆಯನ್ನು ತಾನೇ ಮತ್ತೆ ತಿನ್ನುತ್ತದೆ. ಅದು ಕೊಳಕಲ್ಲ, ಜೀವಸತ್ವಗಳನ್ನು ಉಳಿಸಿಕೊಳ್ಳುವ ಪ್ರಕೃತಿಯ ದಾರಿ. ಸೊಂಟ ಬಾಗದ ಮೊಲಕ್ಕೆ ಅದು ಬಾಯಿಗೆ ಎಟುಕದು. ಅದನ್ನೂ ನಾವೇ ಮುಂದಿಡಬೇಕಾಯಿತು.

ಈಗ ನಮ್ಮ ಮೊಲಕ್ಕೆ ಗರಿಕೆ ಮತ್ತು ಹೊಲದ ಬದುವಿನ ಒಣಹುಲ್ಲು ಸದಾ ಮುಂದಿರುತ್ತದೆ. ಜೊತೆಗೆ ದಿನಕ್ಕೊಂದು ಹಿಡಿ ಕೊತ್ತಂಬರಿ, ಪುದೀನ ಅಥವಾ ಮೂಲಂಗಿ ಸೊಪ್ಪು, ಬಟ್ಟಲು ತುಂಬ ನೀರು. ಬಿಸ್ಕತ್ತು, ಬ್ರೆಡ್ಡು, ಅನ್ನ, ಈರುಳ್ಳಿ, ಆಲೂಗಡ್ಡೆ ವರ್ಜ್ಯ. ನಮ್ಮ ಜಿಲ್ಲೆಯ ಹೆಮ್ಮೆಯ ಅವರೆಕಾಳೂ ಅದಕ್ಕೆ ಸಲ್ಲದು. ಮಾವು ಬಾಯಿ ಸಿಹಿಗೆ ಒಂದು ಚೂರು ಮಾತ್ರ. ನಮ್ಮೂರಿಗೇ ಅನ್ವಯಿಸುವ ಇನ್ನೊಂದು ಎಚ್ಚರಿಕೆಯಿದೆ. ಗಣಿಯ ತ್ಯಾಜ್ಯದಿಂದಾದ, ನಾವು ಸೈನೈಡ್ ಗುಡ್ಡಗಳೆಂದು ಕರೆಯುವ ಮಣ್ಣಿನ ರಾಶಿಗಳ ಆಸುಪಾಸಿನ ಹುಲ್ಲನ್ನು ಕೊಯ್ಯಬಾರದು. ಮೊಲ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎನ್ನಬಾರದು. ಮನೆಯಲ್ಲಿರುವ ಅಮಾಕ್ಸಿಸಿಲಿನ್‌ನಂತಹ ಮಾತ್ರೆಯನ್ನಂತೂ ಕೊಡಲೇಬಾರದು, ಅದು ಕರುಳಿನ ಸೂಕ್ಷ್ಮಾಣುಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಹುದು.

ಗಣಿ ಮುಚ್ಚಿ ಬದುಕು ಚದುರಿದ ಊರಿನಲ್ಲಿ ಮೊಲಕ್ಕೆ ಫಿಸಿಯೊಥೆರಪಿಯೇ ಎಂದು ಕೆಲವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಇಲ್ಲಿ ಮನುಷ್ಯರಿಗೇ ಆರೈಕೆ ಸಾಲದಾಯಿತು. ಆದರೆ ಎಕ್ಸ್‌ರೇ ಮತ್ತು ಔಷಧಿಯ ವೆಚ್ಚ ಬಿಟ್ಟರೆ ಉಳಿದುದಕ್ಕೆ ತಗುಲಿದ್ದು ಗರಿಕೆ, ಹಳೆಯ ಟವೆಲ್, ದಿನದ ಅರ್ಧ ಗಂಟೆ. ಮೊಲಕ್ಕೆ ಕೊಟ್ಟ ಅರ್ಧ ಗಂಟೆ ಯಾವ ಮನುಷ್ಯನ ಪಾಲಿನಿಂದಲೂ ಕಿತ್ತದ್ದಲ್ಲ. ‘ಕೆಲಸಕ್ಕೆ ಬಾರದ್ದನ್ನು ಬಿಟ್ಟುಬಿಡು’ ಎಂಬ ನೀತಿಯ ಬಿಸಿ ಯಾವುದೆಂದು ಚೆನ್ನಾಗಿ ತಿಳಿದಿರುವ ಊರು ನಮ್ಮದು. ಅದನ್ನೇ ನಾವು ಮಕ್ಕಳಿಗೆ ಕಲಿಸಬೇಕೆ?

ಎಲ್ಲ ಮೊಲಗಳೂ ಚೇತರಿಸಿಕೊಳ್ಳುತ್ತವೆ ಎಂದು ನಾನು ಹೇಳಲಾರೆ. ಬೆನ್ನುಹುರಿ ತುಂಡಾಗಿ ಸಂವೇದನೆಯೇ ಹೋದಾಗ ನೋವಿಲ್ಲದೆ ಬೀಳ್ಕೊಡುವುದೂ ಕರುಣೆಯೇ. ಆದರೆ ಆ ತೀರ್ಮಾನ ಪರೀಕ್ಷೆಯ ನಂತರ ಆಗಬೇಕು, ಪ್ರಾಣಿಯ ಬೆಲೆ ನೋಡಿ ಅಲ್ಲ. ಸಾಕಿದ ಪ್ರಾಣಿಯ ಯೋಗಕ್ಷೇಮ ಸಾಕಿದವರ ಕರ್ತವ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ಸಾಕುಪ್ರಾಣಿ ಅಂಗಡಿಗಳಿಗೆಂದೇ 2018ರಲ್ಲಿ ನಿಯಮಗಳು ಬಂದಿವೆ. ಇವುಗಳ ಜೊತೆಗೆ ಮೊಲ ಮಾರುವವರು ಎತ್ತುವ ರೀತಿ ಮತ್ತು ಆಹಾರವನ್ನು ವಿವರಿಸುವ ಒಂದು ಪುಟದ ಚೀಟಿಯನ್ನು, ನಮ್ಮೂರಿನಲ್ಲಾದರೆ ಕನ್ನಡದಲ್ಲೂ ತಮಿಳಿನಲ್ಲೂ, ಕೊಡುವಂತಾಗಬೇಕು. ತಾಲ್ಲೂಕು ಮಟ್ಟದ ಪಶುವೈದ್ಯರಿಗೆ ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ಮರುತರಬೇತಿ ಸಿಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಂಟು ಹತ್ತು ವರ್ಷ ಬದುಕಬಲ್ಲ ಜೀವವನ್ನು ಹುಟ್ಟುಹಬ್ಬದ ಆಟಿಕೆಯಾಗಿ ಕೊಳ್ಳುವುದನ್ನು ನಾವು ನಿಲ್ಲಿಸಬೇಕು.

ಮೂರು ತಿಂಗಳ ಬಳಿಕ ನಮ್ಮ ಮೊಲ ನಡೆಯಿತು. ಬಲಗಾಲು ಇಂದಿಗೂ ತುಸು ಎಳೆಯುತ್ತದೆ. ನಮ್ಮ ಹಠವನ್ನು ಬಿಟ್ಟ ಮೇಲೆ ಅದು ಮತ್ತೆ ನಾಲ್ಕೂ ಕಾಲುಗಳ ಮೇಲೆ ನಿಂತಿದೆ. ಸಂಜೆ ಜಮಖಾನದ ತುದಿಯವರೆಗೆ ಕುಪ್ಪಳಿಸಿ, ಹುಲ್ಲಿನ ಕಂತೆಯ ಬಳಿ ಕೂರುತ್ತದೆ.