ರಾಣೇಬೆನ್ನೂರಿನ ಕೋಟೆಯಲ್ಲಿ ಸತ್ತವರು

ಸೆಪ್ಟೆಂಬರ್ 23 ಬಂತೆಂದರೆ ನನ್ನ ಮೊಬೈಲಿಗೆ ಐದಾರು ಗುಂಪುಗಳಿಂದ ಒಂದೇ ಚಿತ್ರ ಬರುತ್ತದೆ: ಭರ್ಜಿ ಹಿಡಿದ ಮೈಸೂರಿನ ಕುದುರೆ ಸವಾರರು, ಕೆಳಗೆ ‘ಹೈಫಾ ಗೆದ್ದ ಕನ್ನಡಿಗರು’ ಎಂಬ ಸಾಲು. ಹೋದ ವರ್ಷ ರಾಣೇಬೆನ್ನೂರಿನ ಗುಂಪಿನಲ್ಲಿ ಅದರ ಬೆನ್ನಿಗೇ ಒಬ್ಬ ಹುಡುಗ, ‘ಹಂಗಾದ್ರ ನಮ್ಮ ಕಡೆ ಕುದುರಿ ದಂಡು ಕಟ್ಟಿದ್ದ ಧೋಂಡಿಯಾ ವಾಘ್ ಯಾರ್ರೀ ಸರ?’ ಅಂತ ಕೇಳಿದ. ನಿವೃತ್ತ ಮಾಸ್ತರರೊಬ್ಬರು ಉತ್ತರಿಸಿದರು: ‘ಅಂವಾ ದರೋಡೆಕೋರ. ಬಿಡ್ರಿ.’

ನನ್ನ ತಕರಾರು ಈ ‘ಬಿಡ್ರಿ’ಯ ಬಗ್ಗೆ.

ಹೈಫಾದ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. 1918ರ ಆ ದಿನ ಜೋಧಪುರದ ಸವಾರರು ಊರಿನ ಕಡೆ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಬೆಟ್ಟದ ತೋಪುಗಳ ಮೇಲೆ ಏರಿದರು. ಮಷಿನ್ ಗನ್ನಿನ ಎದುರು ಭರ್ಜಿ ಹಿಡಿದು ಹೋಗಲು ಎದೆ ಬೇಕು. ಮೈಸೂರಿನ ದಳಕ್ಕೆ ದೇಸರಾಜ ಅರಸ್, ಚಾಮರಾಜ ಅರಸ್ ಅವರಂಥ, ರಾಜಮನೆತನಕ್ಕೆ ಬೀಗರಾದ ದೊಡ್ಡ ಮನೆಯವರು ಅಧಿಕಾರಿಗಳಾಗಿದ್ದರು. ಆದರೆ ದಳದ ಹೆಸರನ್ನು ಒಮ್ಮೆ ಪೂರ್ತಿ ಓದಿ: ‘ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್’. ಕುದುರೆ, ದಾಣಿ, ಪಗಾರ ಎಲ್ಲ ಮೈಸೂರಿನ ಬೊಕ್ಕಸದ್ದು, ಯುದ್ಧ ಸಾಮ್ರಾಜ್ಯದ್ದು. ಅರಸು ಮನೆತನದ ಕರ್ನಲ್ ಇದ್ದರೂ ಪಕ್ಕದಲ್ಲಿ ಒಬ್ಬ ಬ್ರಿಟಿಷ್ ‘ಸ್ಪೆಷಲ್ ಸರ್ವಿಸ್ ಆಫೀಸರ್’ ಇರಲೇಬೇಕು. ಅದೇ ಮಹಾಯುದ್ಧಕ್ಕೆ ಮೈಸೂರು ಬೇರೆ 50 ಲಕ್ಷ ರೂಪಾಯಿಯನ್ನೂ ಕೊಟ್ಟಿತು. ಅದು ಯಾರ ಕಂದಾಯ ಎಂದು ಆ ಚಿತ್ರ ಕಳಿಸುವವರು ಒಮ್ಮೆಯೂ ಕೇಳಿದ್ದನ್ನು ನಾನು ಕಂಡಿಲ್ಲ.

ಈಗ ಮಾಸ್ತರರ ದರೋಡೆಕೋರನಿಗೆ ಬರೋಣ. ಧೋಂಡಿಯಾ ಚನ್ನಗಿರಿಯವನು, ಹೈದರನ ಕುದುರೆ ದಂಡಿನಲ್ಲಿ ಪಳಗಿದವನು. ಮೂರನೇ ಮೈಸೂರು ಯುದ್ಧದ ಗಡಿಬಿಡಿಯಲ್ಲಿ ದಂಡು ಬಿಟ್ಟು ನಮ್ಮ ಸೀಮೆಗೆ ಬಂದ; 1793ರ ಜನವರಿಯಲ್ಲಿ ಹಾವೇರಿ ಹಿಡಿದ, ಆಮೇಲೆ ಸವಣೂರು. ಪೇಶ್ವೆಯ ಕಡೆಯವರು ಅಟ್ಟಿದಾಗ ಟಿಪ್ಪುವಿನ ಆಸರೆಗೆ ಹೋಗಿ, ಕೊನೆಗೆ ಅವನ ಸೆರೆಯನ್ನೇ ಕಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು, ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡ. ‘ಉಭಯಲೋಕಾಧೀಶ್ವರ’ ಅಂತ ತನಗೆ ತಾನೇ ಬಿರುದು ಕೊಟ್ಟುಕೊಂಡ. (ಒಂದು ಲೋಕ ಸಾಲಲಿಲ್ಲ, ಪಾಪ.)

ಅವನ ಬೆನ್ನು ಹತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಜೊತೆಗೆ ಮೈಸೂರಿನ ಕುದುರೆಗಳೂ ಇದ್ದವು. ಇಂಪೀರಿಯಲ್ ಸರ್ವಿಸ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಆ ಚಾಕರಿ ಶುರುವಾಗಿತ್ತು. ಹರಿಹರದ ಬಳಿ ತುಂಗಭದ್ರೆ ದಾಟಿ 1800ರ ಜೂನ್ 27ರಂದು ರಾಣೇಬೆನ್ನೂರಿನ ಕೋಟೆಗೆ ಲಗ್ಗೆ ಹಾಕಿದರು. ಒಳಗಿದ್ದವರಲ್ಲಿ ಹೆಚ್ಚಿನವರು ಸತ್ತರು. ಅವರು ಯಾವ ಊರವರು, ಯಾರ ಮಕ್ಕಳು? ಗೆದ್ದವರ ಪತ್ರಗಳಲ್ಲಿ ಅವರು ಬರೀ ಲೆಕ್ಕ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಹತ್ತಿರ ಧೋಂಡಿಯಾನೂ ಸತ್ತ.

ಅವನು ಲೂಟಿ ಮಾಡಲಿಲ್ಲವೇ ಎನ್ನುತ್ತೀರಿ. ಮಾಡಿದ. ಹಾವೇರಿ ಸೀಮೆಯ ರೈತ ಅವನನ್ನು ಹರಸಿರಲಾರ. ಆದರೆ ಶ್ರೀರಂಗಪಟ್ಟಣದಲ್ಲಿ ಕಂಪನಿಯ ದಂಡು ಮಾಡಿದ್ದೇನು? ಟಿಪ್ಪುವಿನ ಖಜಾನೆಯನ್ನು ಜನರಲ್‌ನಿಂದ ಸಿಪಾಯಿವರೆಗೆ ದರ್ಜೆ ನೋಡಿ ಹಂಚಿಕೊಂಡರು, ಕಮಿಟಿ ಮಾಡಿ, ಲೆಕ್ಕ ಬರೆದು. ಅದಕ್ಕೆ ‘ಪ್ರೈಜ್ ಮನಿ’ ಎಂಬ ಹೆಸರಿತ್ತು. ಧೋಂಡಿಯಾನ ಬಳಿ ಕಮಿಟಿ ಇರಲಿಲ್ಲ.

ಈ ಮಾತು ನಮ್ಮ ಜಿಲ್ಲೆಯವರಿಗೆ ಬೇಗ ತಿಳಿಯಬೇಕು. ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ, ಬ್ಯಾಡಗಿ ಕಡೆ ತಿರುಗುವಲ್ಲಿ ಮೋಟೆಬೆನ್ನೂರು ಬರುತ್ತದೆ, ಮೈಲಾರ ಮಹದೇವಪ್ಪನವರ ಊರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ನುಗ್ಗಿದಾಗ ಅವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಪೊಲೀಸರ ಗುಂಡಿಗೆ ಸತ್ತರು. ಧೋಂಡಿಯಾನನ್ನು ಮಹದೇವಪ್ಪನವರ ಪಕ್ಕ ಕೂರಿಸಲು ನಾನು ಹೊರಟಿಲ್ಲ. ಗಾಂಧಿಯ ಜೊತೆ ದಂಡಿಗೆ ನಡೆದವರು ಅವರು, ಈತ ತನ್ನ ರಾಜ್ಯಕ್ಕಾಗಿ ಹೊಡೆದಾಡಿದವನು. ಆದರೆ ಸರಕಾರಿ ಹಣಕ್ಕೆ ಕೈಹಾಕಿದವನನ್ನು ಏನೆಂದು ಕರೆಯಬೇಕು ಎಂಬುದನ್ನು ಅಂದಿನ ಸರಕಾರದ ಬಾಯಿಂದ ಕೇಳಿದ್ದರೆ ಇವತ್ತು ನಾವು ಅವರನ್ನೂ ‘ಬಿಡ್ರಿ’ ಅನ್ನುತ್ತಿದ್ದೆವು. ಅವರ ವಿಷಯದಲ್ಲಿ ಕೇಳಲಿಲ್ಲ. ಧೋಂಡಿಯಾನ ವಿಷಯದಲ್ಲಿ ಇನ್ನೂ ವೆಲ್ಲೆಸ್ಲಿಯ ಪತ್ರವನ್ನೇ ಪಾಠ ಒಪ್ಪಿಸುತ್ತಿದ್ದೇವೆ.

ಧೋಂಡಿಯಾಗೆ ಸಲಾಬತ್ ಖಾನ್ ಎಂಬ ಎಳೆಯ ಮಗನಿದ್ದ. ಹುಡುಗನನ್ನು ವೆಲ್ಲೆಸ್ಲಿಯೇ ಸಾಕಿದ, ದೇಶ ಬಿಡುವಾಗ ಅವನ ಖರ್ಚಿಗೆ ದುಡ್ಡೂ ಇಟ್ಟುಹೋದ. ಇದನ್ನು ಅವನ ದೊಡ್ಡಗುಣವೆಂದು ಹೇಳುವುದುಂಟು, ಇರಲಿ. ಹುಡುಗ ದೊಡ್ಡವನಾಗಿ ಸೇರಿದ್ದು ಮೈಸೂರು ಅರಸರ ಸೇವೆಗೆ, ಅಪ್ಪನನ್ನು ಅಟ್ಟಿಸಿಕೊಂಡು ಬಂದ ಕುದುರೆಗಳ ಮನೆಗೇ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.

ಮಾಸ್ತರರಿಗೆ ಅವತ್ತು ನಾನು ಉತ್ತರ ಬರೆಯಲಿಲ್ಲ. ಹಿರಿಯರು, ಗುಂಪಿನಲ್ಲಿ ಎದುರು ಮಾತಾಡಲು ಮನಸ್ಸಾಗಲಿಲ್ಲ. ಬರುವ ಜೂನ್ 27ಕ್ಕೆ ಅದೇ ಗುಂಪಿಗೆ ಒಂದು ಸಾಲು ಹಾಕುತ್ತೇನೆ: ‘1800ರ ಈ ದಿನ ನಮ್ಮೂರ ಕೋಟೆಯೊಳಗೆ ಸತ್ತವರು.’ ಜೊತೆಗೆ ಹಾಕಲು ನನ್ನ ಹತ್ತಿರ ಚಿತ್ರವಿಲ್ಲ.