ಸಮುದ್ರದ ಬಣ್ಣದ ಲೆಕ್ಕ

ಮಳೆಗಾಲದಲ್ಲಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯ ಬಳಿ ನಿಂತವರಿಗೆ ಸಮುದ್ರವು ಒಂದೇ ಬಣ್ಣದ್ದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ದಡದ ಸಮೀಪ ಕೆಸರಿನ ಕೆಂಪು, ಅದರಾಚೆಗೆ ಮಾಸಿದ ಹಸುರು, ಇನ್ನೂ ಆಚೆಗೆ ನೀಲಿ. ಪಯಸ್ವಿನಿಯು ಕೊಡಗಿನ ಕಾಡುಗಳಿಂದ ಹೊತ್ತು ತಂದ ಕೊಳೆತ ಎಲೆಗಳ ರಸವೂ ಅದರಲ್ಲಿ ಬೆರೆತಿರುತ್ತದೆ. ಈ ಬಣ್ಣಗಳನ್ನು ನೂರಾರು ಕಿ.ಮೀ. ಎತ್ತರದಿಂದ ಓದಿ, ಇಲ್ಲಿ ಮೀನಿಗೆ ಮೇವುಂಟು, ಅಲ್ಲಿ ಬರಿಯ ಕೆಸರು ಎಂದು ಹೇಳುವುದು ಹೇಗೆ? ಈ ತಿಂಗಳು ನಾವು ಓದುಗರ ಮುಂದಿಡುತ್ತಿರುವುದು ಆ ವಿಚಾರವನ್ನು.

ಇದು ಬರಿಯ ಕುತೂಹಲದ ಮಾತಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ನೀರಿನಲ್ಲಿರುವ ಪತ್ರಹರಿತ್ತಿನ ಪ್ರಮಾಣವನ್ನೂ ಉಪಗ್ರಹಗಳ ಮೂಲಕ ಅರಿತು, ಮೀನು ದೊರೆಯಬಹುದಾದ ತಾಣಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಪತ್ರಹರಿತ್ತು ಇದ್ದಲ್ಲಿ ಸೂಕ್ಷ್ಮವಾದ ತೇಲುಸಸ್ಯಗಳುಂಟು. ಅವನ್ನು ನಂಬಿ ಬದುಕುವುದು ನಾವು ಬೂತಾಯಿ ಎಂದೂ ನೆರೆಮನೆಯವರು ಮತ್ತಿ ಎಂದೂ ಕರೆಯುವ ಮೀನು. ಲೆಕ್ಕ ತಪ್ಪಿದರೆ ದೋಣಿಯವರಿಗೆ ಎಣ್ಣೆ ಸುಟ್ಟದ್ದೇ ಲಾಭ.

ತಪ್ಪಲು ಅವಕಾಶವೂ ಧಾರಾಳವಾಗಿದೆ. ಸಮುದ್ರದ ಕಡೆಯಿಂದ ಉಪಗ್ರಹವನ್ನು ಸೇರುವ ಬೆಳಕಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಿನದಲ್ಲ, ನಡುವಿನ ಗಾಳಿ ಚದರಿಸಿದ್ದು. ಒಂಬತ್ತು ಕಿಲೊ ತೂಗುವ ಬುಟ್ಟಿಯಲ್ಲಿ ಒಂದು ಕಿಲೊ ಮೀನನ್ನಿಟ್ಟು ತೂಗಿದಂತೆ! ಖಾಲಿ ಬುಟ್ಟಿಯ ತೂಕದಲ್ಲಿ ನೂರಕ್ಕೆ ಐದರಷ್ಟು ಎಡವಿದರೂ ಸುಮಾರು ಅರ್ಧದಷ್ಟು ಮೀನಿನ ಲೆಕ್ಕವೇ ಕೆಟ್ಟಿತು.

ನಡುಗಡಲಿನಲ್ಲಿ ಈ ಬುಟ್ಟಿಯನ್ನು ತೂಗಲು ಒಂದು ಉಪಾಯವುಂಟು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಿಳಿನೀರು ಪೂರ್ತಿಯಾಗಿ ಹೀರಿಬಿಡುವುದರಿಂದ, ಅಲ್ಲಿ ಉಪಗ್ರಹಕ್ಕೆ ಕಂಡದ್ದೆಲ್ಲ ಗಾಳಿಯದೇ ಎಂದೆಣಿಸಿ, ಅದರಿಂದ ಉಳಿದ ಬಣ್ಣಗಳಲ್ಲಿರುವ ಗಾಳಿಯ ಪಾಲನ್ನು ಊಹಿಸಿ ಕಳೆಯುತ್ತಾರೆ. ಆದರೆ ಅಳಿವೆಯ ಕೆಸರು ಅವಕೆಂಪನ್ನೂ ಹಿಂದಿರುಗಿಸುತ್ತದೆ. ಲೆಕ್ಕ ಮಾಡುವವರು ಅದನ್ನೂ ಗಾಳಿಯ ಖಾತೆಗೆ ಬರೆದರೆ ಕಳೆಯಬೇಕಾದುದಕ್ಕಿಂತ ಹೆಚ್ಚನ್ನು ಕಳೆದಂತಾಗಿ, ನೀಲಿ ಬೆಳಕು ಸೊನ್ನೆಗಿಂತಲೂ ಕಡಿಮೆಯಾಗಿ ನಿಲ್ಲುವುದುಂಟು. ಸಾಲ ಮಾಡಿದ ಬೆಳಕು!

ಇನ್ನು ಎಲೆಗಳ ಕಷಾಯದ ತೊಡಕು. ಪತ್ರಹರಿತ್ತು ನೀಲಿ ಬೆಳಕನ್ನು ಹೀರುತ್ತದೆ, ಕಷಾಯವೂ ಹೀರುತ್ತದೆ. ನೀಲಿಗೂ ಹಸುರಿಗೂ ಇರುವ ಪ್ರಮಾಣವೊಂದನ್ನೇ ನೋಡಿದರೆ ಹೊಳೆಯ ಕಷಾಯವು ಮೀನಿನ ಮೇವಾಗಿ ತೋರುತ್ತದೆ. ನಮ್ಮ ದೇಶವು 2022ರ ನವೆಂಬರ್ 26ರಂದು ಹಾರಿಸಿದ ಸಾಗರ ಉಪಗ್ರಹದ ಕ್ಯಾಮೆರಾ 13 ಬಣ್ಣಪಟ್ಟಿಗಳಲ್ಲಿ ನೋಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಎಂಬ ಉಪಕರಣಗಳಾದರೋ ಬೆಳಕನ್ನು ನೂರಕ್ಕೂ ಮಿಕ್ಕಿ ಸಣ್ಣ ಸಣ್ಣ ಎಳೆಗಳಾಗಿ ಬಿಡಿಸುತ್ತವೆ. ಆಗ ಕೆಂಪಿನಲ್ಲಿ, 675 ನ್ಯಾನೊಮೀಟರಿನ ಆಸುಪಾಸಿನಲ್ಲಿ, ಪತ್ರಹರಿತ್ತು ಬೆಳಕನ್ನು ಹೀರುವ ತಗ್ಗೂ, ಅದರ ಪಕ್ಕದಲ್ಲಿ ತಾನೇ ಮಿನುಗುವ ಸಣ್ಣ ಉಬ್ಬೂ ಕಾಣಸಿಗುತ್ತವೆ. ಕಷಾಯಕ್ಕೆ ಆ ಗುರುತುಗಳಿಲ್ಲ.

ಕರಾವಳಿಯ ನೀರಿಗೆಂದೇ ಅಮೆರಿಕದವರು ಮಾಡಿದ ಇಂತಹ ಮೊದಲ ಬಾಹ್ಯಾಕಾಶ ಉಪಕರಣ ಹೈಕೊ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2009ರಿಂದ 2014ರ ವರೆಗೆ ಅದು ದುಡಿಯಿತು. ಸುಮಾರು 90 ಮೀಟರಿನಷ್ಟು ಚಿಕ್ಕ ತುಣುಕುಗಳಲ್ಲಿ ನೋಡುತ್ತಿದ್ದುದರಿಂದ ಅಳಿವೆಯಂತಹ ಜಾಗಕ್ಕೆ ಒಗ್ಗುವಂತಹದು. ಆದರೆ ಎಲ್ಲ ಕಡಲನ್ನೂ ದಿನವೂ ನೋಡುವ ಶಕ್ತಿ ಅದಕ್ಕಿರಲಿಲ್ಲ. 2024ರ ಫೆಬ್ರವರಿಯಲ್ಲಿ ನಾಸಾ ಸಂಸ್ಥೆಯು ಹಾರಿಸಿದ ಪೇಸ್ ಉಪಗ್ರಹಕ್ಕೆ ಆ ವ್ಯಾಪ್ತಿಯುಂಟು. ಕೆಸರುನೀರೂ ಕಪ್ಪಾಗಿ ಕಾಣುವಂತಹ ಇನ್ನೂ ದೀರ್ಘ ತರಂಗಗಳನ್ನು ಅದು ಅಳೆಯುವುದರಿಂದ ಬುಟ್ಟಿಯ ತೂಕವೂ ಹೆಚ್ಚು ನೆಟ್ಟಗಾಗುತ್ತದೆ. ಆದರೆ ಅದರ ಒಂದೊಂದು ತುಣುಕೂ ಒಂದು ಕಿ.ಮೀ.ಗಿಂತ ಅಗಲ, ನಮ್ಮ ಅಳಿವೆಯು ಅದರೊಳಗೆ ಅಡಗಿಹೋದೀತು.

ಇಷ್ಟಾದರೂ ಮೋಡವನ್ನು ತೂರಿ ನೋಡಲು ಇವುಗಳಲ್ಲಿ ಯಾವುದಕ್ಕೂ ಆಗದು. ನಮ್ಮ ಕಡಲಿನಲ್ಲಿ ಆಳದ ತಣ್ಣೀರು ಮೇಲೆದ್ದು ತೇಲುಸಸ್ಯಗಳು ಸಮೃದ್ಧವಾಗುವುದು ಜೂನಿನಿಂದ ಸೆಪ್ಟೆಂಬರಿನ ವರೆಗೆ, ಅಂದರೆ ಆಕಾಶವು ಮುಚ್ಚಿಕೊಂಡಿರುವ ತಿಂಗಳುಗಳಲ್ಲಿ. ಆಗ ಮೋಡದ ಬಿರುಕು ಸಿಕ್ಕಿದ ದಿನ ಕಂಡಷ್ಟನ್ನು ನೋಡಿ, ಉಳಿದ ದಿನಗಳಿಗೆ ದೋಣಿಯ ಹಿರಿಯರ ಕಣ್ಣನ್ನೇ ನಂಬಬೇಕಾಗಿದೆ.